ಆರೋಗ್ಯ ಹದಿನೇಳು

ಕಲೂರ್, ಎರ್ನಾಕುಳಂ
೪ ಆಗಸ್ಟ್ ೧೯೫೮

ವಿನೋದಾ,

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ನಿನಗೆ ಗುರುತು ಸಿಕ್ಕಿರಬೇಕು. ಸಿಗದಿದ್ದರೆ, ಮಂಗಳೂರಿನ ಹಾಸ್ಟೆಲಿನಲ್ಲಿ ನಿನ್ನ ಕೋಣೆಯಲ್ಲಿದ್ದ ಕುಸುಮಾವತಿ ನಾನು. ನನಗೆ ಮದುವೆಯಾಗಿ ನಾಲ್ಕು ವರ್ಷವಾಯಿತು. ಇವರು, ರಾಮದಾಸರು, ಇಲ್ಲಿ ಬ್ಯಾಂಕಿನಲ್ಲಿದ್ದಾರೆ. ವಿಜಯಾ ಎಂಬ ಮೂರು ವರ್ಷದ ಮಗಳಿದ್ದಾಳೆ. ನಾನು ಒಂದು ಹುಡುಗಿಯರ ಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ.

ಹೋದ ಸೋಮವಾರ ನಮ್ಮ ಶಾಲೆಗೆ ಸಿನಿಮಾ ವ್ಯಾನು ಬಂತು. ಆರೋಗ್ಯ ಸಪ್ತಾಹವಂತೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಮುನ್ನೂರು ಹುಡುಗಿಯರನ್ನು ದೊಡ್ಡ ಹಾಲಿನಲ್ಲಿ ನೆಲದ ಮೇಲೆ ಕೂರಿಸಿದರು. ಮೊದಲು ಸೊಳ್ಳೆಯ ಚಿತ್ರ, ಆಮೇಲೆ ಹಲ್ಲುಜ್ಜುವುದರ ಚಿತ್ರ. ಮೂರನೆಯದು ಕುಷ್ಠದ್ದು. ಒಂದು ಆಸ್ಪತ್ರೆ, ಮರದ ಕೆಳಗೆ ಉದ್ದದ ಬೆಂಚು, ಬೆಂಚಿನ ತುಂಬ ರೋಗಿಗಳು. ಆ ಮರ ನನಗೆ ಗೊತ್ತಿತ್ತು. ಎದ್ದು ಹೊರಗೆ ಹೋಗಬೇಕು ಎಂದುಕೊಳ್ಳುವಷ್ಟರಲ್ಲಿ ನಾನು ಪರದೆಯ ಮೇಲೆ ಬಂದೆ. ಇಪ್ಪತ್ತೊಂದು ವರ್ಷದ ನಾನು, ಎರಡು ಜಡೆ ಹಾಕಿಕೊಂಡು ಡಾಕ್ಟರಿಗೆ ಕೈ ಚಾಚಿ ತೋರಿಸುತ್ತಿದ್ದೇನೆ. ತಿರುಗಿ ಕುಳಿತು, ರವಿಕೆ ಸರಿಸಿ, ಬೆನ್ನಿನಲ್ಲಿ ಮಚ್ಚೆಯಿದ್ದ ಜಾಗ ತೋರಿಸುತ್ತಿದ್ದೇನೆ. ಕೊನೆಗೆ ಡಾಕ್ಟರು ಒಂದು ಕಾಗದ ಓದುತ್ತಾರೆ, ಈ ಹುಡುಗಿ ಪೂರ್ತಿ ಗುಣವಾಗಿದ್ದಾಳೆ, ಯಾರೊಂದಿಗೂ ಬದುಕಬಹುದು ಎಂದು. ನಾನು ನಗುತ್ತೇನೆ.

ಹುಡುಗಿಯರು ಖುಷಿಯಿಂದಲೇ ಕೂಗಿದರು, "ನಮ್ಮುಡೆ ಹಿಂದಿ ಟೀಚರ್" ಎಂದು. ಟೀಚರು ಸಿನಿಮಾದಲ್ಲಿ ಬಂದದ್ದೇ ಅವರಿಗೆ ದೊಡ್ಡದು. ಹೆಡ್‌ಮಿಸ್ಟ್ರೆಸ್ ಲೈಟು ಹಾಕಿಸಿದರು. ಆ ಬೆಳಕಿನಲ್ಲಿ ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಐವತ್ತಮೂರರಲ್ಲಿ ಬೊಂಬಾಯಿಯಿಂದ ಕ್ಯಾಮೆರಾ ತಂದವರು ನಮಗೆ ಹೇಳಿದ್ದು, ಇದು ವಿಲಾಯಿತಿಯ ಡಾಕ್ಟರುಗಳಿಗೆ ಪಾಠಕ್ಕೆ ಎಂದು.

ವ್ಯಾನಿನವನು ಡಬ್ಬಿ ಕಟ್ಟುವಾಗ ಮುಚ್ಚಳದ ಒಳಗೆ ಅಂಟಿಸಿದ ಚೀಟಿ ಓದಿದೆ. ಆರೋಗ್ಯ ೧೭. ಪ್ರತಿಗಳು ಮೂರು. ಕೆಳಗೆ, ಫಿಲ್ಮ್ ಲೈಬ್ರರಿಯನ್ ಎಂದು ನಿನ್ನ ಹೆಸರು, ನಿನ್ನ ಸಹಿ.

ನೀನು ನೋಡದೆಯೇ ಸಹಿ ಹಾಕಿರಬಹುದು. ಸರಕಾರಿ ಕಚೇರಿಯಲ್ಲಿ ದಿನಕ್ಕೆ ಎಷ್ಟೋ ಕಾಗದ. ಹಾಗೆಯೇ ಆಗಿರಬೇಕು ಎಂದು ತಿಳಿದುಕೊಂಡಿದ್ದೇನೆ. ಇನ್ನು ಆ ಚಿತ್ರವನ್ನು ಹೊರಗೆ ಕಳಿಸಬೇಡ. ನಾನು ಕೇಳುವುದು ಇಷ್ಟೇ.

ಕುಸುಮ


ತಂಪಾನೂರ್, ತಿರುವನಂತಪುರ
೧೯ ಆಗಸ್ಟ್ ೧೯೫೮

ಪ್ರಿಯ ಕುಸುಮ,

ನಿನ್ನ ಪತ್ರ ಕಚೇರಿಯ ಟಪಾಲಿನೊಂದಿಗೆ ಬಂತು. ಮೂರು ಸಲ ಓದಿದೆ. ನೀನು ಗುಣವಾಗಿ, ಮನೆ ಮಾಡಿಕೊಂಡು, ಮಗುವಿನ ತಾಯಿಯಾಗಿದ್ದೀ ಎಂದು ತಿಳಿದು ಆದ ಸಂತೋಷವನ್ನು ಬರೆಯುವ ಹೊತ್ತು ಇದಲ್ಲ ಎಂದು ಗೊತ್ತು. ಆದರೂ ಬರೆಯದೆ ಇರಲಾರೆ.

ರಾಜ್ಯಗಳು ಬೇರೆಯಾದಾಗ ಕಾಸರಗೋಡಿನ ನಮ್ಮನ್ನೆಲ್ಲ ಕೇರಳಕ್ಕೆ ಹಾಕಿದರಲ್ಲ, ಹಾಗೆ ನಾನು ಇಲ್ಲಿಗೆ ಬಂದೆ. ಮದರಾಸಿನಲ್ಲಿ ಲೈಬ್ರರಿ ಪರೀಕ್ಷೆ ಪಾಸಾಗಿದ್ದೆ, ಪುಸ್ತಕ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಟ್ಟದ್ದು ತಗಡಿನ ಡಬ್ಬಿಗಳು. ಶಾಲೆಗಳಿಗೂ ಹಳ್ಳಿಗಳಿಗೂ ವ್ಯಾನಿನಲ್ಲಿ ಹೋಗುವ ಚಿತ್ರಗಳನ್ನು ಆರಿಸಿ ಇಡುವ ಕೆಲಸ.

ನೀನು ತಿಳಿದ ಹಾಗೆ ಇಲ್ಲಿ ನೋಡದೆ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ. ಬೊಂಬಾಯಿಯಿಂದ, ದಿಲ್ಲಿಯಿಂದ, ಪರದೇಶದವರ ಕಚೇರಿಗಳಿಂದ ಚಿತ್ರಗಳು ಬರುತ್ತವೆ. ಆಪರೇಟರ್ ಕೃಷ್ಣಾನಂದ ಓಡಿಸುತ್ತಾನೆ, ನಾನು ಹಿಂದಿನ ಕೋಣೆಯಲ್ಲಿ ಕೂತು ನೋಡುತ್ತೇನೆ. ಒಂದು ಫಾರಂ ಉಂಟು. ವಿಷಯ ಏನು, ಯಾರಿಗೆ, ವಿವರಣೆ ಮಲಯಾಳದಲ್ಲಿ ಉಂಟೇ, ಫಿಲ್ಮಿನ ಅಂಚಿನ ತೂತುಗಳು ಹರಿದಿವೆಯೇ, ಶಬ್ದ ಸ್ಪಷ್ಟವೇ. ಫಾರಮಿನಲ್ಲಿಲ್ಲದ ಒಂದು ಪ್ರಶ್ನೆ ನಾನೇ ಕೇಳಿಕೊಳ್ಳುವುದುಂಟು, ನಮ್ಮ ಜನ ಇದನ್ನು ನಂಬುತ್ತಾರೆಯೇ ಎಂದು. ಸ್ನಾನದ ಮಹತ್ವದ ಬಗ್ಗೆ ಒಂದು ಇಂಗ್ಲಿಷ್ ಚಿತ್ರ ಬಂದಿತ್ತು. ಬಿಳಿ ತೊಟ್ಟಿಯ ನೊರೆಯೊಳಗೆ ಒಂದು ಮಗು. ದಿನಕ್ಕೆರಡು ಸಲ ಕೊಳದಲ್ಲಿ ಮುಳುಗುವವರಿಗೆ ಅದನ್ನು ತೋರಿಸಿ ಏನು ಕಲಿಸುವುದು? ವಾಪಸು ಕಳಿಸಿದೆ. ಹಸು ಸಾಕುವುದರ ಮೇಲೆ ಇನ್ನೊಂದು, ಹಿಮ ಬೀಳುವ ದೇಶದ್ದು. ಜನ ಹಿಮ ನೋಡುತ್ತಾರೆ, ಹಸುವನ್ನಲ್ಲ. ಅದೂ ವಾಪಸು. ಕಾಸರಗೋಡು ತಾಲೂಕಿಗೆ ಕನ್ನಡ ವಿವರಣೆಯ ಪ್ರತಿಗಳು ಬೇಕೆಂದು ಮೂರು ಸಲ ಬರೆದೆ. ಬೇಡಿಕೆ ಸಾಲದು ಎಂದು ಮೂರು ಸಲವೂ ಉತ್ತರ.

ಆರೋಗ್ಯ ೧೭ನ್ನು ಆರಿಸಿದ್ದು ಸಮಿತಿ. ಅದರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಶಾಲಾ ಇನ್‌ಸ್ಪೆಕ್ಟರು, ಮತ್ತೆ ನಮ್ಮ ಡೈರೆಕ್ಟರು. ನಾನು ಫಾರಂ ತುಂಬುವವಳು ಮಾತ್ರ. ನೀನು ಅದರಲ್ಲಿದ್ದೀ ಎಂದು ನನಗೆ ತಿಳಿದದ್ದು ನಿನ್ನ ಪತ್ರದಿಂದ. ವಾರಕ್ಕೆ ಹತ್ತು ಚಿತ್ರ ನೋಡುವ ಕಣ್ಣು, ಮುಖ ಗಮನಿಸಿರಲಿಲ್ಲ. ಪಟ್ಟಿಗೆ ಸೇರಿದ್ದನ್ನು ತೆಗೆಯಬೇಕಾದರೆ ಸಮಿತಿ ಮತ್ತೆ ಕೂರಬೇಕು, ಕಾರಣ ಬರೆಯಬೇಕು. ಕಾರಣ ಬರೆದರೆ ನಿನ್ನ ಹೆಸರು ಕಡತಕ್ಕೆ ಬರುತ್ತದೆ. ಅದು ನಿನಗೆ ಒಳ್ಳೆಯದೇ? ಯೋಚಿಸು. ಶಾಲೆಯವರು ನಾಲ್ಕು ದಿನ ಮಾತಾಡಿ ಮರೆಯುತ್ತಾರೆ.

ಮಗುವಿಗೆ ನನ್ನ ಮುದ್ದು.

ನಿನ್ನ
ವಿನೋದಾ


ಕಲೂರ್
೨೧ ಸೆಪ್ಟೆಂಬರ್ ೧೯೫೮

ವಿನೋದಾ,

ನಾಲ್ಕು ದಿನವಲ್ಲ, ಐವತ್ತೈದು ದಿನವಾಯಿತು.

ನಲವತ್ತೊಂದು ಮಂದಿ ತಂದೆತಾಯಂದಿರು ಸಹಿ ಹಾಕಿ ಮ್ಯಾನೇಜರಿಗೆ ಅರ್ಜಿ ಕೊಟ್ಟರು. ಮ್ಯಾನೇಜರು ನನ್ನನ್ನು ಕರೆಸಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ಟೀಚರು ಸ್ವಲ್ಪ ಕಾಲ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದರು. ನಾನು ಎದ್ದು ಬಂದ ಮೇಲೆ ಆ ಕುರ್ಚಿಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಇಟ್ಟದ್ದನ್ನು ಗೇಟಿನಿಂದ ನೋಡಿದೆ.

ಇವರಿಗೆ ನನ್ನ ರೋಗದ ವಿಷಯ ಮದುವೆಗೆ ಮುಂಚೆಯೇ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಪರಮೇಶ್ವರಿಯಮ್ಮನವರು ಜಗಳವಾಡುವವರಲ್ಲ. ಸುದ್ದಿ ತಿಳಿದ ಮರುದಿನ ಬೆಳಿಗ್ಗೆ ವಿಜಯಳ ತಟ್ಟೆ, ಲೋಟ, ಹಾಸಿಗೆ ಎಲ್ಲ ತಮ್ಮ ಕೋಣೆಗೆ ಸಾಗಿಸಿದರು. ಮಗು ನನ್ನ ತಟ್ಟೆಯಿಂದ ಅನ್ನ ತೆಗೆಯಲು ಬಂದಾಗ ಅದರ ಕೈ ಹಿಡಿದು, "ಅದು ಅಮ್ಮಂದು ಮಗಾ, ಬೇಡ" ಎಂದರು. ಈಗ ನಾನು ತುತ್ತು ಕೊಡಹೋದರೆ ವಿಜಯಾ ತಾನೇ "ವೇಂಡ" ಎನ್ನುತ್ತಾಳೆ. ಅತ್ತೆ ಹೋದ ವಾರ ಉಡುಪಿಗೆ, ಚಿಕ್ಕ ಮಗನ ಮನೆಗೆ ಹೋದರು. ಆ ಮಾತನ್ನು ಮಾತ್ರ ಇಲ್ಲೇ ಬಿಟ್ಟು ಹೋದರು.

ಚಿತ್ರ ಇನ್ನೂ ತಿರುಗುತ್ತಿದೆ. ಮಟ್ಟಾಂಚೇರಿಯಲ್ಲಿ ತೋರಿಸಿದರು, ಮೊನ್ನೆ ಎಡಪ್ಪಳ್ಳಿಯಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದರಂತೆ. ನಿನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಎದ್ದು ನಿಂತಳು. ಬಸ್ಸು ತುಂಬಿತ್ತು. ಆ ಸೀಟು ಕಲೂರಿನ ತನಕ ಖಾಲಿಯೇ ಬಂತು.

ಇವರು ಅಕ್ಟೋಬರ್ ಆರಕ್ಕೆ ಬ್ಯಾಂಕಿನ ಕೆಲಸದ ಮೇಲೆ ನಿಮ್ಮಲ್ಲಿಗೆ ಬರುತ್ತಾರೆ. ಸಮಿತಿಯ ಕಾಗದ ಅವರಿಗೆ ತೋರಿಸು. ಯಾರಿಗೆ ಅರ್ಜಿ ಬರೆಯಬೇಕು ಎಂದು ಅವರು ನೋಡಿಕೊಳ್ಳುತ್ತಾರೆ. ನನ್ನ ಹೆಸರು ಕಡತಕ್ಕೆ ಬಂದರೆ ಬರಲಿ. ಇನ್ನು ಮುಚ್ಚಿಡಲಿಕ್ಕೆ ಎಂತ ಉಂಟು?

ಕುಸುಮ


ತಿರುವನಂತಪುರ
೧೪ ಅಕ್ಟೋಬರ್ ೧೯೫೮

ಕುಸುಮ,

ರಾಮದಾಸರು ಬಂದದ್ದನ್ನು ನಿನಗೆ ಹೇಳಿರುತ್ತಾರೆ. ಆದರೂ ನಾನೇ ಬರೆಯಬೇಕು.

ಕಡತವನ್ನು ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ. "ನೀವೇ ಓದಿ ಹೇಳಿ" ಎಂದರು. ಓದಿದೆ. ಜನವರಿಯಲ್ಲಿ ನನ್ನ ಕೈಯಿಂದಲೇ ಬರೆದದ್ದು: "ಬೆನ್ನು ತೋರಿಸುವ ಹುಡುಗಿ ನಟಿಯಲ್ಲ, ನಿಜವಾದ ರೋಗಿ. ಮುಖ ನಂಬಿಕೆ ಹುಟ್ಟಿಸುತ್ತದೆ. ನಮ್ಮ ಕಡೆಯವಳೆಂದು ಯಾರಿಗೂ ತಿಳಿಯುತ್ತದೆ. ಮೂರು ಪ್ರತಿ ಕೊಳ್ಳಬಹುದು." ಸಮಿತಿ ಚಿತ್ರವನ್ನು ಪೂರ್ತಿ ನೋಡಿಯೂ ಇಲ್ಲ. ನನ್ನ ಫಾರಂ ನೋಡಿ ಸಹಿ ಹಾಕಿತು.

ಅವರು ಕೇಳಿದರು, "ಗುರುತು ಸಿಕ್ಕಿರಲಿಲ್ಲವಾ ನಿಮಗೆ?"

"ಸಿಕ್ಕಿತ್ತು" ಎಂದೆ.

"ಅವಳು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿದವಳಲ್ಲ" ಎಂದು ಹೇಳಿ, ಕೊಡೆ ತೆಗೆದುಕೊಂಡು ಹೋದರು. ಅವರಿಗೆಂದು ತರಿಸಿದ ಚಹಾ ಹಾಗೇ ಇತ್ತು.

ನಿನಗೆ ಸುಳ್ಳು ಬರೆದೆ. ಈಗ ಇದ್ದದ್ದನ್ನು ಬರೆಯುತ್ತೇನೆ. ಹಾಸ್ಟೆಲಿನಲ್ಲಿ ನಿನ್ನ ರವಿಕೆಯ ಗುಂಡಿ ಹಾಕುವಾಗ ಬೆನ್ನಿನ ಮಚ್ಚೆ ನೋಡಿದವಳು ನಾನು. ಸೂಜಿ ಚುಚ್ಚಿದರೆ ನಿನಗೆ ತಿಳಿಯಲಿಲ್ಲ. ಯಾರಿಗೂ ಹೇಳಬೇಡ ಎಂದೆ ನೀನು, ಹೂಂ ಎಂದೆ ನಾನು. ಮರುದಿನ ಬೆಳಿಗ್ಗೆ ವಾರ್ಡನ್ನಿಗೆ ಹೇಳಿದೆ. ಮಧ್ಯಾಹ್ನದೊಳಗೆ ನಿನ್ನನ್ನು ಕಳಿಸಿದರು, ನಿನ್ನ ಹಾಸಿಗೆ ಸುಟ್ಟರು. ನಾನು ಮಾಡಿದ್ದು ಸರಿ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ.

ಈ ಜನವರಿಯಲ್ಲಿ ನೀನು ಪರದೆಯ ಮೇಲೆ ನಕ್ಕೆ. ಕೃಷ್ಣಾನಂದನಿಂದ ಆ ರೀಲನ್ನು ಇನ್ನೆರಡು ಸಲ ಓಡಿಸಿದೆ. ನಾನು ಬೇಗ ಹೇಳಿದ್ದರಿಂದಲೇ ನೀನು ಬೇಗ ಆಸ್ಪತ್ರೆ ಸೇರಿದೆ, ಅದಕ್ಕೇ ಬೆರಳೊಂದೂ ಸೊಟ್ಟಗಾಗದೆ ಗುಣವಾದೆ ಎನಿಸಿತು. ಎದೆ ಹಗುರಾಯಿತು. ಆ ಹಗುರದಲ್ಲಿ ಫಾರಂ ಬರೆದೆ. ನಿನ್ನನ್ನು ಹುಡುಕಿ ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದರೆ ಅದೂ ಸುಳ್ಳು. ಹೊಳೆಯಿತು. ನೀನು ಬೇಡ ಎಂದುಬಿಟ್ಟರೆ? ಅಂಥ ಇನ್ನೊಂದು ಚಿತ್ರ ನನ್ನ ಬಳಿ ಇರಲಿಲ್ಲ.

ಚಿತ್ರ ಕೆಟ್ಟದ್ದಲ್ಲ, ಕುಸುಮ. ಇಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ತೋರಿಸಿದ ಮೇಲೆ ಮೂವತ್ತನಾಲ್ಕು ಮಂದಿ ತಾವಾಗಿಯೇ ಕ್ಲಿನಿಕ್ಕಿಗೆ ಬಂದರು. ಇದನ್ನೂ ನೀನು ತಿಳಿದಿರಬೇಕು ಎಂದು ಬರೆದೆ.

ವಿನೋದಾ


ಕಲೂರ್
೩ ನವೆಂಬರ್ ೧೯೫೮

ವಿನೋದಾ,

ವಾರ್ಡನ್ನಿಗೆ ಹೇಳಿದವಳು ನೀನೆಂದು ನನಗೆ ಆ ದಿನವೇ ಗೊತ್ತಿತ್ತು. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಅದನ್ನು ಆಸ್ಪತ್ರೆಯಲ್ಲಿದ್ದಾಗಲೇ ಮರೆತುಬಿಟ್ಟೆ. ಆಗ ನಿನಗೆ ಹದಿನೆಂಟು, ಹೆದರಿದ್ದೆ. ಜನವರಿಯಲ್ಲಿ ನೀನು ಹೆದರಿರಲಿಲ್ಲ.

ಆ ಮೂವತ್ತನಾಲ್ಕು ಮಂದಿಗೆ ಒಳ್ಳೆಯದಾಗಲಿ. ಅವರ ಲೆಕ್ಕ ನನಗೆ ಯಾಕೆ ಬರೆದೆ?

ಇನ್ನು ಬರೆಯಬೇಡ. ಬರೆದರೂ ಓದುವುದಿಲ್ಲ.

ಕುಸುಮಾವತಿ


ತಿರುವನಂತಪುರ
೯ ಡಿಸೆಂಬರ್ ೧೯೫೮

ಕುಸುಮ,

ನೀನು ಬೇಡವೆಂದರೂ ಇದೊಂದನ್ನು ಬರೆಯುತ್ತೇನೆ, ನಿನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು.

ಮೂರು ಪ್ರತಿಗಳಲ್ಲಿ ಎರಡು ಇಲ್ಲೇ ಇದ್ದವು. ಎರ್ನಾಕುಳದ ವ್ಯಾನಿನಲ್ಲಿದ್ದ ಮೂರನೆಯದನ್ನು ದುರಸ್ತಿಗೆಂದು ತರಿಸಿಕೊಂಡೆ. ಶನಿವಾರ ಎಲ್ಲರೂ ಊಟಕ್ಕೆ ಹೋದಾಗ ರೀಲುಗಳನ್ನು ಮೇಜಿನ ಮೇಲೆ ಹಾಕಿ, ನೀನು ಬರುವಲ್ಲಿಂದ ನೀನು ನಗುವ ತನಕ ಕತ್ತರಿಸಿ ತೆಗೆದೆ. ಒಂದೊಂದರಲ್ಲಿ ನೂರ ಎಂಟು ಅಡಿ, ಮೂರು ನಿಮಿಷ. ಎರಡು ತುದಿಗಳನ್ನು ಅಂಟಿಸಿದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಚಿತ್ರವನ್ನು ಕಾಯುವವರೇ ಕತ್ತರಿ ಹಾಕುವುದೆಂದರೆ ಕೆಲಸ ಹೋಗುವ ಮಾತು. ತುಂಡುಗಳನ್ನು ಕಚೇರಿಯ ಹಿಂದೆ ಕಸ ಸುಡುವ ಬೆಂಕಿಗೆ ಹಾಕಿ, ಕರಗಿ ಮುದ್ದೆಯಾಗುವ ತನಕ ನಿಂತು ನೋಡಿದೆ.

ಈಗ ನೀನು ಅದರಲ್ಲಿ ಎಲ್ಲಿಯೂ ಇಲ್ಲ. ಇನ್ನು ಯಾರೂ ನಿನ್ನನ್ನು ನೋಡುವುದಿಲ್ಲ.

ವಿನೋದಾ


ಕಲೂರ್
೨೦ ಜನವರಿ ೧೯೫೯

ವಿನೋದಾ,

ನಿನಗೆ ಬರೆಯಬಾರದು ಎಂದಿದ್ದೆ. ಆದರೆ ನೀನು ಮಾಡಿದ್ದು ಏನೆಂದು ನಿನಗೆ ತಿಳಿಯಬೇಕು.

ಶಾಲೆಯವರು ನನ್ನನ್ನು ತೆಗೆಯಬೇಕೆಂದು ನವೆಂಬರಿನಲ್ಲಿ ಬರೆದರು. ನಾನು ವಿದ್ಯಾ ಇಲಾಖೆಯ ಆಫೀಸರಿಗೆ ಅಪೀಲು ಕೊಟ್ಟೆ. ಇಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ ಈಗ ರೋಗವಿಲ್ಲ ಎಂದು ಬರೆದುಕೊಟ್ಟರು. ಮ್ಯಾನೇಜರು ಅದನ್ನು ಒಪ್ಪಲಿಲ್ಲ. ಚಿಕಿತ್ಸೆ ಪೂರ್ತಿಯಾಯಿತೋ, ನಡುವೆ ಓಡಿ ಬಂದಳೋ, ಮತ್ತೆ ಬರುವುದಿಲ್ಲವೆಂದು ಏನು ನಂಬಿಕೆ, ಆಸ್ಪತ್ರೆಯ ಕಾಗದ ತೋರಿಸಲಿ ಎಂದರು. ಆ ಕಾಗದವನ್ನು ಮದುವೆಗೆ ಮುಂಚೆ ನಾನೇ ಒಲೆಗೆ ಹಾಕಿದ್ದೆ, ಯಾರ ಕೈಗೂ ಸಿಗಬಾರದು ಎಂದು. ಆಸ್ಪತ್ರೆಗೆ ಬರೆದರೆ, ಹಳೆಯ ದಾಖಲೆಗಳೆಲ್ಲ ಗೆದ್ದಲು ತಿಂದು ಹೋಗಿವೆ, ಆ ಡಾಕ್ಟರು ತಮ್ಮ ದೇಶಕ್ಕೆ ಹೋಗಿ ತೀರಿಕೊಂಡರು ಎಂದು ಉತ್ತರ.

ಕೊನೆಗೆ ಆಫೀಸರೇ ಒಂದು ದಾರಿ ತೋರಿಸಿದರು. ವಯಸ್ಸಾದವರು, ಮರ್ಯಾದಸ್ಥರು. "ಚಿತ್ರದಲ್ಲಿ ಡಾಕ್ಟರು ಕಾಗದ ಓದುತ್ತಾರಂತಲ್ಲ ಟೀಚರೇ, ಸರಕಾರದ ಚಿತ್ರವೇ ಸರಕಾರಕ್ಕೆ ಸಾಕ್ಷಿಯಾಗಲಿ" ಎಂದರು. ನಾಲ್ಕು ತಿಂಗಳು ಯಾವುದನ್ನು ಶಪಿಸುತ್ತಿದ್ದೆನೋ ಅದನ್ನೇ ತರಿಸಿ ಎಂದು ನಾನು ಸಹಿ ಹಾಕಿ ಬೇಡಿಕೊಂಡೆ. ಆ ದಿನ ಬರುವ ತನಕ ಎಷ್ಟು ಆಸೆಯಿಂದ ಕಾದೆ ಎಂದರೆ, ಬೆನ್ನು ತೋರಿಸುವುದನ್ನು ಐದು ಮಂದಿ ಗಂಡಸರ ನಡುವೆ ಕೂತು ನೋಡಬೇಕಲ್ಲ ಎಂಬ ನಾಚಿಕೆಯೂ ಹೋಗಿತ್ತು.

ಈ ತಿಂಗಳ ಆರನೇ ತಾರೀಕು ಹಿಯರಿಂಗ್. ವ್ಯಾನಿನವನು ಬಂದು ಯಂತ್ರ ಇಟ್ಟ. ಆಸ್ಪತ್ರೆ ಬಂತು, ಬೆಂಚು ಬಂತು. "ಈ ಪೆಣ್‌ಕುಟ್ಟಿ" ಎಂದು ಹುಡುಗಿಯ ಬಗ್ಗೆ ವಿವರಣೆ ಶುರುವಾಯಿತು. ಅಲ್ಲಿಗೆ ಟಕ್ಕೆಂದು ಶಬ್ದವಾಗಿ ಆಸ್ಪತ್ರೆಯ ಗೇಟು ಕಾಣಿಸಿತು, ಚಿತ್ರ ಮುಗಿಯಿತು. ಆಫೀಸರು ವ್ಯಾನಿನವನಿಗೆ ಇನ್ನೊಂದು ಸಲ ಓಡಿಸಲು ಹೇಳಿದರು. ಮತ್ತೂ ಹಾಗೆಯೇ. ನನ್ನ ಕಡೆ ತಿರುಗಿ, "ಟೀಚರ್ ಎಲ್ಲಿ ಇದರಲ್ಲಿ?" ಎಂದು ಕೇಳಿದರು. ಮ್ಯಾನೇಜರು ಹೇಳಿದರು, ಗುಣವಾಗದವಳು ಎಂದು ಗೊತ್ತಾಗಿ ಸರಕಾರವೇ ಅವಳ ಭಾಗ ತೆಗೆಸಿರಬೇಕು ಎಂದು. ಆಫೀಸರು ಅದನ್ನು ಬರೆದುಕೊಂಡರು.

ಹದಿನಾರನೇ ತಾರೀಕಿನಿಂದ ನನಗೆ ಕೆಲಸವಿಲ್ಲ.

ಡಿಸೆಂಬರಿನ ನಿನ್ನ ಪತ್ರವನ್ನು ನಾನು ಒಡೆದಿರಲಿಲ್ಲ. ಕೆಲಸ ಹೋದ ಮೇಲೆ ಒಡೆದು ಓದಿದೆ. ನನ್ನನ್ನು ಹಾಕುವಾಗಲೂ ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಒಂದು ಕಾರ್ಡು ಹಾಕಿ ಕೇಳಿದ್ದರೆ ಹೇಳುತ್ತಿದ್ದೆ. ಅಷ್ಟಕ್ಕಾದರೂ ಉತ್ತರ ಬರೆಯುತ್ತಿದ್ದೆ.

ಕುಸುಮಾವತಿ


ತಿರುವನಂತಪುರ
೧೬ ಫೆಬ್ರವರಿ ೧೯೫೯

ಕುಸುಮಾವತಿಗೆ,

ಮೂರು ಪ್ರತಿಗಳನ್ನು ಕತ್ತರಿಸಿದವಳು ನಾನು, ಆ ಭಾಗದಲ್ಲಿ ನೀನು ಗುಣವಾದ ಕಾಗದವನ್ನು ಡಾಕ್ಟರು ಓದುತ್ತಾರೆ ಎಂದು ಡೈರೆಕ್ಟರಿಗೂ ನಿಮ್ಮ ಆಫೀಸರಿಗೂ ಬರೆದು ಸಹಿ ಹಾಕಿ ಕೊಟ್ಟೆ. ಆಫೀಸರಿಂದ ಉತ್ತರ ಬಂತು. ವಿಷಯ ತಿಳಿದು ವಿಷಾದವಾಯಿತು, ಆ ಜಾಗಕ್ಕೆ ಬೇರೆಯವರನ್ನು ನೇಮಿಸಿಯಾಗಿದೆ ಎಂದು.

ಬೊಂಬಾಯಿಯಿಂದ ಪೂರ್ತಿ ಪ್ರತಿ ತರಿಸುತ್ತಿದ್ದಾರೆ, ಏಪ್ರಿಲಿಗೆ ಬರಬಹುದು. ನನ್ನನ್ನು ಫಿಲ್ಮ್ ವಿಭಾಗದಿಂದ ತೆಗೆದು ಕಾಗದ, ಮಸಿ ಇಡುವ ಸ್ಟೋರಿಗೆ ಹಾಕಿದ್ದಾರೆ. ಕೆಲಸದಿಂದಲೇ ತೆಗೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ಬೆಳಗಿನಿಂದ ಸಂಜೆಯ ತನಕ ಹೊತ್ತು ಬೇಕಾದಷ್ಟು ಉಂಟು.

ಕ್ಷಮಿಸು ಎಂದು ಬರೆಯುವ ಧೈರ್ಯವಿಲ್ಲ. ನೀನು ಹೇಳಿದ್ದನ್ನು ಮಾಡುತ್ತೇನೆ, ಏ‌ನಾದರೂ ಹೇಳು.

ವಿನೋದಾ


ಕಲೂರ್
೨ ಮೇ ೧೯೫೯

ವಿನೋದಾ,

ನಿಮ್ಮ ಕಚೇರಿಯಿಂದ ಒಂದು ಕಾಗದ ಬಂದಿದೆ. ಹೊಸ ಪ್ರತಿ ಬಂದಿದೆ, ಅದನ್ನು ಮತ್ತೆ ಹೊರಗೆ ಕಳಿಸಲು ನಿಮ್ಮ ಆಕ್ಷೇಪವಿದೆಯೇ ಎಂದು ಕೇಳಿದ್ದಾರೆ. ನೀನು ನನ್ನ ಹೆಸರು ಬರೆದು ಕೊಟ್ಟದ್ದರಿಂದ ಕೇಳಿರಬೇಕು. ಆ ಚಿತ್ರದ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಅದನ್ನು ಮೇಜಿನ ಮೇಲಿಟ್ಟುಕೊಂಡು ಒಂಬತ್ತು ದಿನ ಕಳೆದೆ.

ಇವರಿಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಇವರೇ ಕೇಳಿ ಮಾಡಿಸಿಕೊಂಡದ್ದು. ಮಗುವನ್ನು ತಮ್ಮ ಹತ್ತಿರ ಬಿಟ್ಟು ಹೋಗಲಿ ಎಂದು ಅತ್ತೆ ಬರೆದಿದ್ದರು. ಇವರು ಆಗುವುದಿಲ್ಲ ಎಂದು ಬರೆದರು. ಹುಬ್ಬಳ್ಳಿಯಲ್ಲಿ ನಾನು ಎಲ್ಲಿಯೂ ಕೆಲಸ ಕೇಳುವುದಿಲ್ಲ. ಕೇಳಿದರೆ, ಮುಂಚೆ ಎಲ್ಲಿದ್ದಿರಿ, ಯಾಕೆ ಬಿಟ್ಟಿರಿ ಎನ್ನುತ್ತಾರೆ. ವಿಜಯಾ ಈಗ ಒಂದೊಂದು ದಿನ ನನ್ನ ಕೈಯಿಂದ ಉಣ್ಣುತ್ತಾಳೆ, ಒಂದೊಂದು ದಿನ ಇಲ್ಲ. ನಾನು ಒತ್ತಾಯ ಮಾಡುವುದಿಲ್ಲ.

ನನ್ನ ಪಾಲಿಗೆ ಆಕ್ಷೇಪವಿಲ್ಲ ಎಂದು ನಿಮ್ಮ ಕಚೇರಿಗೆ ಬರೆದು ಹಾಕಿದ್ದೇನೆ. ದೊಡ್ಡ ಮನಸ್ಸಿನಿಂದ ಬರೆದದ್ದಲ್ಲ. ಈ ಊರಿನಲ್ಲಿ ಯಾರು ನೋಡಬಾರದಿತ್ತೋ ಅವರೆಲ್ಲ ನೋಡಿಯಾಗಿದೆ. ಇನ್ನು ಉಳಿದವರು ಎಲ್ಲೋ ಮಚ್ಚೆ ಮುಚ್ಚಿಕೊಂಡು ಕೂತಿರುವವರು. ಅವರು ನೋಡಲಿ.

ಆದರೆ ಆ ಚಿತ್ರದಲ್ಲಿ ಇದ್ದದ್ದು ನಾನೊಬ್ಬಳೇ ಅಲ್ಲ. ಹನ್ನೊಂದು ಮಂದಿ ಇದ್ದೆವು. ಬೆಂಚಿನ ಎಡಗಡೆಯ ತುದಿಯಲ್ಲಿ ಕೂತ ಮುದುಕ ಮಹಾಲಿಂಗ, ಪುತ್ತೂರಿನ ಕಡೆಯವನು. ಅವನ ಪಕ್ಕದಲ್ಲಿ ಚೌಕುಳಿ ಸೀರೆಯವಳು ಸರೋಜ. ಅವಳ ಮಗನಿಗೆ ತಾಯಿ ಸತ್ತಿದ್ದಾಳೆಂದು ಮನೆಯವರು ಹೇಳಿದ್ದಾರೆ. ಕೊನೆಯಲ್ಲಿ ಮುಖ ಕಾಣಿಸುವವಳು ದಾಕ್ಷಾಯಣಿ. ಅವಳು ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ಕ್ಯಾಮೆರಾದವನು ಎರಡು ಸಲ ಎದ್ದು ಬಂದು ಅವಳ ಕೈ ತೆಗೆಸಿದ. ಅವಳು ಹೋಗಿಬಿಟ್ಟಳು ಎಂದು ಕೇಳಿದ್ದೇನೆ, ಇನ್ನು ಅವಳನ್ನು ಕೇಳುವ ಹಾಗಿಲ್ಲ. ಮಿಕ್ಕ ಏಳು ಮಂದಿಯ ಹೆಸರು ನನಗೂ ಗೊತ್ತಿಲ್ಲ. ಇವರ ಪರವಾಗಿ ಆಕ್ಷೇಪವಿಲ್ಲ ಎನ್ನಲು ನಾನು ಯಾರು?

ಏನಾದರೂ ಹೇಳು ಎಂದಿದ್ದೆ ನೀನು. ಹೊತ್ತು ಬೇಕಾದಷ್ಟು ಉಂಟು ಎಂದೂ ಬರೆದಿದ್ದೆ. ಹುಡುಕು. ಒಬ್ಬೊಬ್ಬರನ್ನೂ ಕಂಡು ಕೇಳು. ಸಿಕ್ಕಿದರೋ, ಏನು ಹೇಳಿದರೋ, ನನಗೆ ತಿಳಿಸುವುದು ಬೇಡ. ಹುಬ್ಬಳ್ಳಿಯ ವಿಳಾಸ ನಾನು ಕೊಡುವುದಿಲ್ಲ.

ಕುಸುಮಾವತಿ ರಾಮದಾಸ